ಐಸಿಯು ಬಿಟ್ಟು ಹಾಸ್ಪೀಸ್‌ಗೆ ಬಂದ ಮೇಲೆ

ಒಂಬತ್ತು ವರ್ಷ ಐಸಿಯುನಲ್ಲಿ ನರ್ಸ್ ಆಗಿದ್ದೆ. ಅಲ್ಲಿ ಸಾವು ಅಂದರೆ ಸೋಲು. ಯಾರಾದರೂ ಹೋದರೆ ಬೆಡ್ ಒರೆಸಿ ಮುಂದಿನವರಿಗೆ ಸಿದ್ಧ ಮಾಡಬೇಕು. ಹೋದವರನ್ನು ನೆನೆಯಲೂ ಪುರುಸೊತ್ತು ಇರಲಿಲ್ಲ.

ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗಕ್ಕೆ ಹಾಸ್ಪೀಸ್ ಅನ್ನುತ್ತಾರೆ. ಬೆಂಗಳೂರಿನ ಅಂಥ ಒಂದು ಹಾಸ್ಪೀಸ್‌ಗೆ ಸೇರಿದ ಮೊದಲ ವಾರ ಕೈ ಕಟ್ಟಿಹಾಕಿದ ಹಾಗಾಯಿತು. ಮಾನಿಟರ್ ಇಲ್ಲ, ವೆಂಟಿಲೇಟರ್ ಇಲ್ಲ. 'ಹಾಗಾದ್ರೆ ನಾವು ಮಾಡೋದೇನು?' ಅಂತ ಹಿರಿಯ ಸಿಸ್ಟರ್ ಒಬ್ಬರನ್ನು ಕೇಳಿಯೇಬಿಟ್ಟೆ. ಅವರು ಡ್ರೆಸಿಂಗ್ ಟ್ರೇ ನನ್ನ ಕೈಗೆ ಕೊಟ್ಟು ಜೊತೆಗೆ ಕರೆದುಕೊಂಡು ಹೋದರು.

ಬಾಯಿ ಕ್ಯಾನ್ಸರ್ ಆದ ಅಜ್ಜಿ. ಎಷ್ಟೋ ವರ್ಷ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವರು. ಕೆನ್ನೆ ತೂತಾಗಿತ್ತು. ವಾಸನೆಗೆ ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುತ್ತಿದ್ದರು. ಅದು ಅಜ್ಜಿಗೂ ಗೊತ್ತು, ಸದಾ ಸೆರಗು ಮುಚ್ಚಿಕೊಂಡೇ ಇರುತ್ತಿದ್ದರು. ಸಿಸ್ಟರ್ ಗಾಯವನ್ನು ಸಲೈನ್‌ನಲ್ಲಿ ತೊಳೆದು, ವಾಸನೆ ಹುಟ್ಟಿಸುವ ರೋಗಾಣುಗಳನ್ನು ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಉದುರಿಸಿದರು. ದಿನಾ ಹೀಗೇ ಮಾಡಿದೆವು. ನಾಲ್ಕೈದು ದಿನಕ್ಕೆ ವಾಸನೆ ಇಳಿಯಿತು. ಒಂದು ಸಂಜೆ ಚಿಕ್ಕ ಮೊಮ್ಮಗಳು ಮಂಚ ಹತ್ತಿ ಅಜ್ಜಿಯ ಪಕ್ಕ ಮಲಗಿಬಿಟ್ಟಳು. ಅಜ್ಜಿ ಸೆರಗು ತೆಗೆದರು. ಆ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ.

ಮನೆಯವರಿಗೆ ಜಾಸ್ತಿ ಭಯ ಇರುವುದು ಮಾರ್ಫಿನ್ ಬಗ್ಗೆ, ಅಂದರೆ ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ಬರುವ ಔಷಧಿ. 'ಅದು ಕೊಟ್ರೆ ಬೇಗ ಹೋಗ್ಬಿಡ್ತಾರಂತೆ, ಅಲ್ವಾ?' ನನಗೂ ಮೊದಲು ಹಾಗೇ ಅನ್ನಿಸಿತ್ತು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪದಿಂದ ಶುರು ಮಾಡಿ, ನಾಲ್ಕು ಗಂಟೆಗೊಮ್ಮೆ, ನೋವಿಗೆ ತಕ್ಕಷ್ಟು ಕೊಟ್ಟರೆ ಹಾಗೇನೂ ಆಗುವುದಿಲ್ಲ. ನಿದ್ದೆ ಬರುತ್ತದೆ. ಎರಡು ತುತ್ತು ಗಂಜಿ ಸೇರುತ್ತದೆ. ಮಲಬದ್ಧತೆ ಕಾಡುತ್ತದೆ, ಅದಕ್ಕೆ ಔಷಧಿ ಜೊತೆಗೇ ಶುರು ಮಾಡುತ್ತೇವೆ. 1985ರ ಮಾದಕ ವಸ್ತು ಕಾಯ್ದೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಆದರೂ ನೋವಿನಲ್ಲೇ ನರಳಿ ನರಳಿ ಕೊನೆಗೆ ನಮ್ಮಲ್ಲಿಗೆ ಬರುವವರನ್ನು ನೋಡಿದರೆ ಸಿಟ್ಟು ಬರುತ್ತದೆ.

ಕೊನೇ ಗಂಟೆಗಳಲ್ಲಿ ಗಂಟಲು ಗೊರಗೊರ ಅನ್ನುತ್ತದೆ. ಮನೆಯವರು ಗಾಬರಿಯಾಗಿ ಬಾಯಿಗೆ ನೀರು ಹುಯ್ಯಲು ಹೋಗುತ್ತಾರೆ. ನಾನು ರೋಗಿಯನ್ನು ಪಕ್ಕಕ್ಕೆ ಹೊರಳಿಸುತ್ತೇನೆ. ತುಳಸಿ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಮಗನ ಕೈಗೋ ಮಗಳ ಕೈಗೋ ಕೊಡುತ್ತೇನೆ, ತುಟಿ ಒದ್ದೆ ಮಾಡಲಿ ಅಂತ. 'ಮಾತಾಡ್ಸಿ, ಕೇಳಿಸ್ತಿರಬಹುದು' ಅನ್ನುತ್ತೇನೆ.

ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬರು ಪ್ರಾರ್ಥನೆ ಮಾಡುತ್ತಾರೆ. ಇನ್ನೊಬ್ಬರು ಸುಮ್ನೆ ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿ ಬರುತ್ತಾರೆ. ನಮ್ಮ ಆಯಾ ಒಬ್ಬರು ಜೀವ ಹೋದ ಮೇಲೂ ಮಾತಾಡಿಸುತ್ತಲೇ ಮೈ ಒರೆಸುತ್ತಾರೆ: 'ಅಮ್ಮಾ, ಈಗ ಈ ಕಡೆ ತಿರುಗಿಸ್ತೀನಿ.' ನಾನು ಅವರಿಂದಲೇ ಕಲಿತೆ.

ಸಾವಿನ ಭಯ ಹೋಯಿತಾ ಅಂತ ಕೇಳುತ್ತಾರೆ. ಇಲ್ಲ. ಮಗ ಫೋನ್ ಎತ್ತದಿದ್ದರೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಆದರೆ ಸೋತೆ ಅಂತ ಈಗ ಅನ್ನಿಸುವುದಿಲ್ಲ.

ಆ ಅಜ್ಜಿ ಒಂದು ಬೆಳಗಿನ ಜಾವ ಹೋದರು. 'ಅಜ್ಜಿ, ತಲೆ ಬಾಚ್ತೀನಿ' ಅಂತ ಹೇಳಿ ತುರುಬು ಕಟ್ಟಿದೆ. ಮೊಮ್ಮಗಳು ಬರುವ ಮೊದಲು ಕೆನ್ನೆಗೆ ಹೊಸ ಡ್ರೆಸಿಂಗ್ ಹಾಕಿದೆ.