ಚಿಕ್ಕಮಗಳೂರಿನ ಚಳಿಯಲ್ಲಿ ಮನೆಯ ಫ್ರೆಂಚ್ ಬ್ರೆಡ್

ಫ್ರೆಂಚ್ ಬ್ರೆಡ್‌ಗೆ ಬೇಕಾಗುವುದು ನಾಲ್ಕೇ ಸಾಮಾನು. ಮೈದಾ, ನೀರು, ಉಪ್ಪು, ಯೀಸ್ಟ್. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಒಂದು ಚಮಚ ಸಕ್ಕರೆಯೂ ಇಲ್ಲ. ಫ್ರಾನ್ಸಿನಲ್ಲಿ ಇದಕ್ಕೆ 1993ರಲ್ಲಿ ಸರ್ಕಾರಿ ಆದೇಶವೇ ಬಂದಿದೆ. ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್ ಎಂದು ಮಾರಬೇಕಾದರೆ ಹಿಟ್ಟಿಗೆ ರಾಸಾಯನಿಕ ಬೆರೆಸುವಂತಿಲ್ಲ, ಕಲಸಿದ ಹಿಟ್ಟನ್ನು ಫ್ರೀಜರಿನಲ್ಲಿ ಇಡುವಂತಿಲ್ಲ.

ಹಾಗಾದರೆ ರುಚಿ ಎಲ್ಲಿಂದ ಬರಬೇಕು? ಹುದುಗಿನಿಂದ. ಅದೂ ನಿಧಾನವಾಗಿ ಬಂದ ಹುದುಗಿನಿಂದ. ಯೀಸ್ಟ್ ಜಾಸ್ತಿ ಹಾಕಿ, ಬೆಚ್ಚಗಿನ ಜಾಗದಲ್ಲಿಟ್ಟರೆ ಹಿಟ್ಟು ಒಂದು ಗಂಟೆಯಲ್ಲಿ ಉಬ್ಬುತ್ತದೆ. ಬ್ರೆಡ್ಡೂ ಆಗುತ್ತದೆ. ಆದರೆ ತಿಂದರೆ ಬಾಯಿಗೆ ಯೀಸ್ಟ್ ವಾಸನೆ ಮಾತ್ರ ಹತ್ತುತ್ತದೆ. ಯೀಸ್ಟ್ ಕಮ್ಮಿ ಮಾಡಿ, ತಣ್ಣಗಿನ ಜಾಗದಲ್ಲಿ ಒಂದಿಡೀ ರಾತ್ರಿ ಬಿಟ್ಟರೆ ಗೋಧಿಯ ಸಿಹಿ, ನವಿರಾದ ಹುಳಿ, ಎರಡೂ ಬರುತ್ತವೆ. ಚಿಕ್ಕಮಗಳೂರಿನಲ್ಲಿ ಇರುವವರಿಗೆ ಆ ತಣ್ಣಗಿನ ಜಾಗ ಹುಡುಕುವ ಕೆಲಸವೇ ಇಲ್ಲ. ಮಳೆಗಾಲದಿಂದ ಹಿಡಿದು ಫೆಬ್ರವರಿಯವರೆಗೂ ನಮ್ಮ ಅಡುಗೆಮನೆಯ ಕಟ್ಟೆಯೇ ಸಾಕು. ಅದಕ್ಕೇ ನಾನು ಹೇಳುವುದು, ಈ ಬ್ರೆಡ್ಡಿಗೆ ನಮ್ಮೂರಿನ ಹವೆ ಹೇಳಿ ಮಾಡಿಸಿದ ಹಾಗಿದೆ.

ನಾವೆಲ್ಲ ಬೇಕರಿ ಬ್ರೆಡ್ ತಿಂದು ಬೆಳೆದವರು. ಪಕ್ಕದ ಹಾಸನ ಸೀಮೆಯಿಂದ ಬೆಂಗಳೂರಿಗೆ ಹೋದವರೇ ಅಲ್ಲಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರು, ಹಾಗಾಗಿ ಬೇಕರಿ ತಿಂಡಿಯ ಮೇಲೆ ಈ ಕಡೆಯವರಿಗೆ ವಿಶೇಷ ಪ್ರೀತಿ. ಆ ಬ್ರೆಡ್ ಮೆತ್ತಗಿರುತ್ತದೆ, ಒಂಚೂರು ಸಿಹಿ ಇರುತ್ತದೆ, ಚಹಾದಲ್ಲಿ ಅದ್ದಿದರೆ ಕರಗುತ್ತದೆ. ಫ್ರೆಂಚ್ ಬ್ರೆಡ್ ಬೇರೆಯೇ ಜಾತಿ. ಹೊರಗೆ ಗರಿಗರಿ, ಕಚ್ಚಿದರೆ ಸದ್ದಾಗಬೇಕು. ಒಳಗೆ ಸಣ್ಣದು ದೊಡ್ಡದು ತೂತುಗಳಿದ್ದು, ಎಳೆದರೆ ಸ್ವಲ್ಪ ಜಗ್ಗಬೇಕು.

ಈಗ ಲೆಕ್ಕ. ಒಟ್ಟು 500 ಗ್ರಾಂ ಹಿಟ್ಟು, 340 ಗ್ರಾಂ ನೀರು, 10 ಗ್ರಾಂ ಉಪ್ಪು. ಲೋಟದ ಅಳತೆ ಬೇಡ, ತೂಕದ ಮಷೀನು ಇಟ್ಟುಕೊಳ್ಳಿ. ನೀರನ್ನೂ ತೂಗಿಯೇ ಹಾಕಿ. ಮೈದಾ ಕೊಳ್ಳುವಾಗ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟಿದೆ ನೋಡುತ್ತೇನೆ. 100 ಗ್ರಾಂಗೆ 10ರಿಂದ 11 ಗ್ರಾಂ ಇದ್ದರೆ ಧಾರಾಳ ಸಾಕು. ಫ್ರೆಂಚರು ಈ ಬ್ರೆಡ್ಡಿಗೆ ಬಳಸುವ ಹಿಟ್ಟೂ ಹೆಚ್ಚುಕಡಿಮೆ ಅಷ್ಟೇ ಗಟ್ಟಿಯದು, ಅದಕ್ಕಾಗಿ ದುಬಾರಿ ಹಿಟ್ಟು ತರಿಸಬೇಕಾಗಿಲ್ಲ. ಆ 500ರಲ್ಲಿ 50 ಗ್ರಾಂ ಮಾತ್ರ ಗೋಧಿ ಹಿಟ್ಟು ಹಾಕುತ್ತೇನೆ. ಪರಿಮಳಕ್ಕೆ.

ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಾದ ಮೇಲೆ 150 ಗ್ರಾಂ ಮೈದಾ, 150 ಗ್ರಾಂ ನೀರು, ಒಂದು ಚಿಟಿಕೆ ಇನ್‌ಸ್ಟಂಟ್ ಯೀಸ್ಟ್ ಸೇರಿಸಿ ಕಲಸಿ ಮುಚ್ಚಿಡುತ್ತೇನೆ. ಚಿಟಿಕೆ ಎಂದರೆ ನಿಜವಾಗಿಯೂ ಚಿಟಿಕೆ, ಎರಡು ಬೆರಳಿಗೆ ಸಿಗುವಷ್ಟು. ಫ್ರಾನ್ಸಿನ ಬೇಕರಿಗಳಲ್ಲಿ ಇದನ್ನು ಪೂಲಿಶ್ ಎನ್ನುತ್ತಾರೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ಗುಳ್ಳೆ ಎದ್ದಿರುತ್ತದೆ, ನಡುವೆ ಒಂಚೂರು ಕುಸಿಯಲು ಶುರುವಾಗಿರುತ್ತದೆ. ಮೂಗು ಹತ್ತಿರ ತಂದರೆ ಮಾಗಿದ ಹಣ್ಣಿನ ವಾಸನೆ. ಆಗ ಅದು ತಯಾರು.

ಎಷ್ಟು ಗಂಟೆ ಎಂದು ಕೇಳಿದರೆ ನಾನು ಹೇಳುವುದಿಲ್ಲ. ಡಿಸೆಂಬರಿನಲ್ಲಿ ಹನ್ನೆರಡು ಗಂಟೆ ಬೇಕಾಗಬಹುದು, ಏಪ್ರಿಲ್‌ನಲ್ಲಿ ಏಳಕ್ಕೇ ಮುಗಿಯಬಹುದು. ಈ ಪಾಠ ನನಗೆ ಅತ್ತೆಯಿಂದ ಬಂತು. ಅವರು ಬ್ರೆಡ್ ಮಾಡಿದವರಲ್ಲ. "ದೋಸೆ ಹಿಟ್ಟು ಉಕ್ಕಿದೆಯಾ ಅಂತ ನೋಡೋಕೆ ನಾನು ಯಾವತ್ತಾದ್ರೂ ಗಡಿಯಾರ ನೋಡಿದ್ದೀನಾ? ಪಾತ್ರೆ ನೋಡಮ್ಮ" ಎಂದರು. ಅಷ್ಟೇ ವಿಷಯ. ಚಳಿಯಲ್ಲಿ ದೋಸೆ ಹಿಟ್ಟು ತಡವಾಗಿ ಹುಳಿ ಬರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇದೂ ಹಾಗೆಯೇ. ಬೇಸಿಗೆಯಲ್ಲಿ ಮಾತ್ರ ಫ್ರಿಜ್ಜಿನ ನೀರಲ್ಲಿ ಕಲಸುತ್ತೇನೆ, ಯೀಸ್ಟ್ ಇನ್ನೂ ಕಮ್ಮಿ ಮಾಡುತ್ತೇನೆ.

ಬೆಳಿಗ್ಗೆ ಆ ಹಿಟ್ಟಿಗೆ ಉಳಿದ 350 ಗ್ರಾಂ ಹಿಟ್ಟು, 190 ಗ್ರಾಂ ನೀರು ಹಾಕಿ, ಒಣಹಿಟ್ಟು ಕಾಣದ ಹಾಗೆ ಕಲಸಿ ಅರ್ಧ ಗಂಟೆ ಸುಮ್ನೆ ಬಿಟ್ಟುಬಿಡಿ. ಉಪ್ಪು ಆಮೇಲೆ. ಹಿಟ್ಟು ನೀರು ಕುಡಿದು ತಾನಾಗಿ ಹದಕ್ಕೆ ಬರುತ್ತದೆ, ಅರ್ಧ ನಾದುವ ಕೆಲಸ ಅಲ್ಲೇ ಮುಗಿಯುತ್ತದೆ. ಹೀಗೆ ಬಿಡುವ ಕ್ರಮವನ್ನು ಬಳಕೆಗೆ ತಂದವರು ರೇಮಂಡ್ ಕಲ್ವೆಲ್ ಎಂಬ ಫ್ರೆಂಚ್ ಬ್ರೆಡ್ ಮೇಷ್ಟ್ರು. ಮಷೀನಿನಲ್ಲಿ ಹಿಟ್ಟನ್ನು ಅತಿಯಾಗಿ ತಿರುವಿ ತಿರುವಿ ರುಚಿ ಹಾಳಾಗುತ್ತಿದೆ ಎಂಬುದು ಅವರ ಸಂಕಟವಾಗಿತ್ತು. ಮನೆಯಲ್ಲಿ ಕೈಯಿಂದ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ ಎಂದು ನನಗನ್ನಿಸುತ್ತದೆ.

ಆಮೇಲೆ 10 ಗ್ರಾಂ ಉಪ್ಪು, ಅರ್ಧ ಟೀ ಚಮಚ ಯೀಸ್ಟ್ ಉದುರಿಸಿ ಒದ್ದೆ ಕೈಯಲ್ಲಿ ಚೆನ್ನಾಗಿ ಬೆರೆಸಬೇಕು. ಚಪಾತಿ ಹಿಟ್ಟಿಗಿಂತ ಇದು ಬಹಳ ಮೆದು, ಕೈಗೆ ಅಂಟುತ್ತದೆ. ಒಣಹಿಟ್ಟು ಸುರಿದು ಗಟ್ಟಿ ಮಾಡಬೇಡಿ, ಒಳಗಿನ ತೂತುಗಳು ಬರುವುದೇ ಆ ನೀರಿನಿಂದ. ಅರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡಿಕೊಂಡು, ಹಿಟ್ಟಿನ ಒಂದು ಅಂಚು ಹಿಡಿದು ಮೇಲೆಳೆದು ನಡುವಿಗೆ ಮಡಿಸುತ್ತೇನೆ. ಪಾತ್ರೆ ತಿರುಗಿಸಿ ನಾಲ್ಕೂ ಕಡೆ ಹೀಗೆ. ಮೂರು ಸರ್ತಿ ಮಾಡುವಷ್ಟರಲ್ಲಿ ಹಿಟ್ಟು ನುಣ್ಣಗಾಗಿ, ಪಾತ್ರೆಯ ಬದಿ ಬಿಟ್ಟುಕೊಂಡು ಬರುತ್ತದೆ. ಇನ್ನೊಂದಷ್ಟು ಹೊತ್ತು ಬಿಟ್ಟರೆ ಚೆನ್ನಾಗಿ ಉಬ್ಬುತ್ತದೆ.

ಎರಡು ಭಾಗ ಮಾಡಿ, ಕಾಲು ಗಂಟೆ ಬಿಟ್ಟು, ಆಮೇಲೆ ಉದ್ದಕ್ಕೆ ಸುತ್ತುವುದು. ಅಂಗಡಿಯ ಬಾಗೆಟ್, ಅಂದರೆ ಕೋಲಿನಂಥ ಫ್ರೆಂಚ್ ಬ್ರೆಡ್, ಎರಡು ಅಡಿ ಉದ್ದ ಇರುತ್ತದೆ, ನಮ್ಮ ಓಟಿಜಿಯೊಳಗೆ (ಮನೆಯ ಸಣ್ಣ ಕರೆಂಟ್ ಓವನ್) ಒಂದಡಿ ಹಿಡಿಸಿದರೆ ಹೆಚ್ಚು. ಹಾಗಾಗಿ ಗಿಡ್ಡಗೆ, ಸ್ವಲ್ಪ ದಪ್ಪಗೆ ಮಾಡುತ್ತೇನೆ. ಅಲ್ಲಿನವರು ಹಿಟ್ಟನ್ನು ಕಡೆಯ ಸಲ ಉಬ್ಬಿಸಲು ದಪ್ಪ ಲಿನನ್ ಬಟ್ಟೆಯ ಮಡಿಕೆಗಳ ನಡುವೆ ಇಡುತ್ತಾರೆ. ನನ್ನಲ್ಲಿ ಅದಕ್ಕೆ ಹಳೇ ಹತ್ತಿ ಪಂಚೆ ಇದೆ. ಅದರ ಮೇಲೆ ಅಕ್ಕಿ ಹಿಟ್ಟು ಉದುರಿಸುತ್ತೇನೆ. ಮೈದಾ ಉದುರಿಸಿದರೆ ಅದು ನೀರು ಹೀರಿ ಅಂಟಾಗುತ್ತದೆ, ಅಕ್ಕಿ ಹಿಟ್ಟು ಹಾಗೆ ಅಂಟುವುದಿಲ್ಲ. ಅಕ್ಕಿ ರೊಟ್ಟಿ ತಟ್ಟುವ ಮನೆಯಲ್ಲಿ ಅದಕ್ಕೇನು ಬರ? ಮುಕ್ಕಾಲು ಗಂಟೆಯ ಮೇಲೆ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ತಟ್ಟನೆ ಮೇಲೆದ್ದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಎದ್ದು, ಪೂರ್ತಿ ಮುಚ್ಚದೆ ಸ್ವಲ್ಪ ಗುರುತು ಉಳಿದರೆ ಹದ ಸರಿ.

ಇನ್ನು ಬೇಯಿಸುವುದು. ಇಲ್ಲಿ ಎರಡು ವಿಷಯ ಮುಖ್ಯ, ಕೆಳಗಿನ ಕಾವು ಮತ್ತು ಹಬೆ. ಕಾವಿಗೆ ನಾನು ದೋಸೆ ಹೊಯ್ಯುವ ದಪ್ಪ ಕಬ್ಬಿಣದ ಕಾವಲಿಯನ್ನೇ ಓಟಿಜಿಯೊಳಗೆ ಇಡುತ್ತೇನೆ. ಹಿಡಿಗೆ ಮರ, ಪ್ಲಾಸ್ಟಿಕ್ ಇರಬಾರದು. 240 ಡಿಗ್ರಿಗೆ ಇಟ್ಟು ಮುಕ್ಕಾಲು ಗಂಟೆ ಕಾಯಿಸಬೇಕು. ದೀಪ ಆರಿದ ತಕ್ಷಣ ಓವನ್ ಕಾದಿದೆ ಎಂದುಕೊಳ್ಳಬೇಡಿ, ಗಾಳಿ ಕಾದಿರುತ್ತದೆ, ಕಬ್ಬಿಣ ಕಾದಿರುವುದಿಲ್ಲ. ಹಬೆಗೆ ಕೆಳಗೊಂದು ಹಳೇ ಸ್ಟೀಲ್ ತಟ್ಟೆ ಇಟ್ಟು ಅದನ್ನೂ ಕಾಯಿಸಿ.

ಹಿಟ್ಟನ್ನು ಬೇಕಿಂಗ್ ಪೇಪರ್ ಮೇಲೆ ಹೊರಳಿಸಿ, ಹೊಸ ಬ್ಲೇಡಿನಿಂದ ಓರೆಯಾಗಿ, ಒಂದೇ ಏಟಿಗೆ, ಅರ್ಧ ಇಂಚು ಆಳಕ್ಕೆ ಗೀರಬೇಕು. ಕಾವಲಿಗೆ ಜಾರಿಸಿ, ಕೆಳಗಿನ ತಟ್ಟೆಗೆ ಅರ್ಧ ಲೋಟ ಕುದಿಯುವ ನೀರು ಸುರಿದು ತಕ್ಷಣ ಬಾಗಿಲು ಮುಚ್ಚಿ. ನೀರು ಸುರಿಯುವಾಗ ಬಾಗಿಲಿನ ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿಕೊಳ್ಳಿ. ಬಿಸಿ ಗಾಜಿಗೆ ಹನಿ ಬಿದ್ದರೆ ಸೀಳಬಹುದು. ಮುಖ ದೂರ ಇರಲಿ. ಓವನ್ನಿನೊಳಗೆ ಫ್ಯಾನ್ ಇದ್ದರೆ ಆರಿಸಿಬಿಡಿ, ಅದು ಹಬೆಯನ್ನು ಓಡಿಸುತ್ತದೆ.

ಹಬೆ ಯಾಕೆ ಬೇಕು ಎಂದರೆ, ತಣ್ಣಗಿನ ಹಿಟ್ಟಿನ ಮೇಲೆ ಅದು ನೀರಾಗಿ ಕೂರುತ್ತದೆ. ಮೇಲಿನ ಪದರ ಬೇಗ ಗಟ್ಟಿಯಾಗುವುದಿಲ್ಲ. ಒಳಗಿನ ಗಾಳಿ ಹಿಗ್ಗುವಾಗ ಗೀರು ಬಾಯಿ ಬಿಟ್ಟು ಅರಳುತ್ತದೆ. ಮೇಲಿನ ಪಿಷ್ಟ ಬೆಂದು ತೆಳ್ಳಗೆ ಹೊಳೆಯುವ ಚಿಪ್ಪಾಗುತ್ತದೆ. ಹತ್ತು ನಿಮಿಷಕ್ಕೆ ನೀರಿನ ತಟ್ಟೆ ಹೊರಗೆ ತೆಗೆದು, ಇನ್ನು ಹದಿನೈದು ಇಪ್ಪತ್ತು ನಿಮಿಷ ಒಣ ಕಾವಿನಲ್ಲಿ ಬೇಯಿಸಿ. ಬಣ್ಣಕ್ಕೆ ಹೆದರಬೇಡಿ. ತಿಳಿ ಕಂದಿಗೆ ತೆಗೆದರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಗಾಢ ಕಂದು ಬರಲಿ, ತಳ ತಟ್ಟಿದರೆ ಟೊಳ್ಳು ಸದ್ದು ಬರಲಿ.

ಥರ್ಮಾಮೀಟರ್ ಚುಚ್ಚಿ ನೋಡುವವರಿಗೆ ಒಂದು ಮಾತು. ಒಳಗಿನ ಕಾವು 98 ಡಿಗ್ರಿ ಬರಬೇಕು ಎಂದು ಕೆಲವು ಕಡೆ ಬರೆದಿರುತ್ತಾರೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 3,400 ಅಡಿ ಎತ್ತರದಲ್ಲಿದೆ. ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ನೀರಿರುವ ತನಕ ಬ್ರೆಡ್ಡಿನ ಒಳಭಾಗ ಅದಕ್ಕಿಂತ ಮೇಲೆ ಏರುವುದಿಲ್ಲ. 98 ಕಾಯುತ್ತಾ ಕೂತರೆ ಬ್ರೆಡ್ ಒಣಗಿಹೋಗುತ್ತದೆ, ಅಷ್ಟೇ. 94–95 ಬಂದು ಬಣ್ಣ ಸರಿಯಿದ್ದರೆ ತೆಗೆದುಬಿಡಿ.

ತೆಗೆದ ಮೇಲೆ ತಂತಿಯ ಸ್ಟ್ಯಾಂಡ್ ಮೇಲಿಟ್ಟು ಕಿವಿ ಕೊಡಿ. ಹೊರಗಿನ ಚಿಪ್ಪು ಆರುತ್ತಾ ಚಟಚಟ ಎಂದು ಸಣ್ಣಗೆ ಬಿರಿಯುತ್ತದೆ. ಮಕ್ಕಳಿಗೆ ಅದು ಕೇಳಿಸಿದ ಮೇಲೆ ತಡೆಯುವುದು ಕಷ್ಟ, ಆದರೂ ಮುಕ್ಕಾಲು ಗಂಟೆಯಾದರೂ ತಡೆಯಿರಿ. ಬಿಸಿಯಲ್ಲೇ ಕುಯ್ದರೆ ಒಳಗೆ ಅಂಟಂಟಾಗಿ ಚಾಕುವಿಗೆ ಮೆತ್ತಿಕೊಳ್ಳುತ್ತದೆ.

ಮಳೆಗಾಲದಲ್ಲಿ ಕರೆಂಟಿನ ಗತಿ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಹಿಟ್ಟು ಸುತ್ತಿಟ್ಟ ಹೊತ್ತಿಗೆ ಕರೆಂಟ್ ಹೋದರೆ ಪಂಚೆ ಸಮೇತ ಮುಚ್ಚಿ ಫ್ರಿಜ್ಜಿಗೆ ತಳ್ಳುತ್ತೇನೆ. ಅದರ ಬಾಗಿಲು ಪದೇ ಪದೇ ತೆಗೆಯದಿದ್ದರೆ ಕೆಲವು ಗಂಟೆ ತಂಪು ನಿಲ್ಲುತ್ತದೆ, ಹಿಟ್ಟು ಕಾಯುತ್ತದೆ. ಕರೆಂಟ್ ಬಂದ ಮೇಲೆ ನೇರ ಬಿಸಿ ಕಾವಲಿಗೆ ಹಾಕಬಹುದು, ತಣ್ಣಗಿದ್ದರೆ ಗೀರುವುದೂ ಸುಲಭ.

ತಿನ್ನುವುದಕ್ಕೆ ನಮ್ಮನೆಯಲ್ಲಿ ಎರಡು ದಾರಿ. ಬೆಳಿಗ್ಗೆಯಾದರೆ ಮನೆಯ ಬೆಣ್ಣೆ ದಪ್ಪಗೆ ಬಳಿದು, ಮೇಲೆ ಕಾಳುಮೆಣಸು ಜಜ್ಜಿ ಉದುರಿಸಿ, ಜೊತೆಗೆ ಕಾಫಿ. ರಾತ್ರಿಯಾದರೆ ಕೋಳಿ ಸಾರು. ಸಾರು ಹೀರಿಯೂ ಈ ಬ್ರೆಡ್ ಪುಡಿಯಾಗುವುದಿಲ್ಲ, ಚಿಪ್ಪು ಗಟ್ಟಿ ನಿಲ್ಲುತ್ತದೆ. ಜಿಟಿಜಿಟಿ ಮಳೆಯ ದಿನ ಸಂಜೆಯ ಹೊತ್ತಿಗೆ ಹೊರಗಿನ ಗರಿ ಹೋಗಿರುತ್ತದೆ. ಮೇಲೆ ನೀರು ಚಿಮುಕಿಸಿ 180 ಡಿಗ್ರಿಯಲ್ಲಿ ಆರೇಳು ನಿಮಿಷ ಇಟ್ಟರೆ ವಾಪಸ್ ಬರುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ, ಅಲ್ಲಿ ಬೇಗ ಹಳತಾಗುತ್ತದೆ. ಅವತ್ತಿಗೆ ಒಂದೇ ಸಾಕು ಎಂದಾದರೆ ಇನ್ನೊಂದನ್ನು ಪೂರ್ತಿ ಆರಿದ ಮೇಲೆ ಹೋಳು ಮಾಡಿ ಫ್ರೀಜರಿಗೆ ಹಾಕಿ. ಬೇಕೆಂದಾಗ ಎರಡು ಹೋಳು ತೆಗೆದು ನೇರ ಕಾವಲಿಯ ಮೇಲೆ ಬಿಸಿ ಮಾಡಿಕೊಂಡರಾಯಿತು.