ಪುಟ್ಟ ಮೋಟರ್‌ಹೋಮ್‌ನಲ್ಲಿ ಸಾಮಾನು ಜೋಡಿಸುವ ಬಗೆ: ಮೊದಲು ತೂಕ, ಆಮೇಲೆ ಜಾಗ

6 ಮೀಟರ್ ಉದ್ದದ ಮೋಟರ್‌ಹೋಮ್‌ನಲ್ಲಿ ಚಾಲಕನ ಭಾಗವನ್ನು ಕಳೆದರೆ ಉಳಿಯುವುದು ಸಾಧಾರಣ ಮಲಗುವ ಕೋಣೆಯೊಂದರಷ್ಟು ನೆಲ. ಅಡುಗೆ, ಊಟ, ನಿದ್ದೆ, ಸ್ನಾನ ಎಲ್ಲವೂ ಅಷ್ಟರೊಳಗೇ ನಡೆಯಬೇಕು, ಅವಕ್ಕೆ ಬೇಕಾದ ಸಾಮಾನೂ ಅಲ್ಲೇ ಇರಬೇಕು. ಇಂಥ ಗಾಡಿಗೆ ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ, ಇನ್ನೆಲ್ಲಿ ಜಾಗ ಮಾಡಿಕೊಳ್ಳಬಹುದು ಎಂಬುದು. ಒಮ್ಮೆ ಹೊರಟರೆ ತಿಂಗಳುಗಟ್ಟಲೆ ಗಾಡಿಯಲ್ಲೇ ಇದ್ದು ಬಂದ ನನಗೆ ಮನವರಿಕೆಯಾಗಿರುವುದೇನೆಂದರೆ, ಅದಕ್ಕೂ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಗಾಡಿ ಇನ್ನೆಷ್ಟು ಭಾರ ಹೊರಬಲ್ಲದು? ಈ ವಸ್ತುವನ್ನು ಕೈಗೆ ತೆಗೆದುಕೊಳ್ಳಲು ಬೇರೆ ಎಷ್ಟು ವಸ್ತುಗಳನ್ನು ಎತ್ತಿಡಬೇಕು? ಇವೆರಡಕ್ಕೆ ಉತ್ತರ ಸಿಕ್ಕಿದರೆ ಜಾಗದ ಪ್ರಶ್ನೆ ಬಹುಮಟ್ಟಿಗೆ ತಾನಾಗಿ ಬಗೆಹರಿಯುತ್ತದೆ.

ತೂಕದ ಲೆಕ್ಕ

ಪ್ರತಿ ಗಾಡಿಗೂ ತಯಾರಕರು ನಿಗದಿಪಡಿಸಿದ ಗರಿಷ್ಠ ತೂಕವೊಂದಿರುತ್ತದೆ. ಅದರಿಂದ ಗಾಡಿಯ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ಪೇಲೋಡ್, ಅಂದರೆ ನಾವು ಹೇರಬಹುದಾದ ಭಾರ. ಸ್ವಂತ ತೂಕದಲ್ಲಿ ಚಾಲಕ ಮತ್ತು ಇಂಧನ ಸೇರಿದೆಯೋ ಇಲ್ಲವೋ ಎಂಬುದನ್ನು ಕಾಗದಪತ್ರದಲ್ಲಿ ನೋಡಿಕೊಳ್ಳಬೇಕು, ಏಕೆಂದರೆ ಅದನ್ನು ಲೆಕ್ಕ ಹಾಕುವ ರೀತಿ ಎಲ್ಲ ಕಡೆಯೂ ಒಂದೇ ಅಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಗರಿಷ್ಠ ತೂಕ 3,500 ಕಿಲೋ, ಚಾಲಕ ಮತ್ತು ಇಂಧನ ಸೇರಿ ಸ್ವಂತ ತೂಕ 2,950 ಕಿಲೋ ಎಂದಿದ್ದರೆ ಕೈಯಲ್ಲಿ ಉಳಿಯುವುದು 550 ಕಿಲೋ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಆದ್ದರಿಂದ 100 ಲೀಟರಿನ ತೊಟ್ಟಿ ತುಂಬಿಸಿದೊಡನೆ 100 ಕಿಲೋ ಹೋಯಿತು. ಜೊತೆಗಾರರು 70, ಎರಡು ಗ್ಯಾಸ್ ಸಿಲಿಂಡರ್ 45, ಬಿಸಿಲುಮರೆ 30, ಎರಡು ಸೈಕಲ್ 35, ಹೆಚ್ಚುವರಿ ಬ್ಯಾಟರಿ 25 ಎಂದು ಹಿಡಿದರೆ ಉಳಿಯುವುದು 245 ಕಿಲೋ. ಹಾಸಿಗೆ, ಬಟ್ಟೆ, ಪಾತ್ರೆ, ಪುಸ್ತಕ, ಉಪಕರಣ, ದವಸ, ಮಡಚುವ ಕುರ್ಚಿ ಎಲ್ಲವೂ ಈ 245ರೊಳಗೆ ಬರಬೇಕು. ಜಾಗ ಮುಗಿಯುವುದಕ್ಕಿಂತ ಬಹಳ ಮುಂಚೆ ತೂಕ ಮುಗಿದುಹೋಗುವ ಗಾಡಿಗಳೇ ಹೆಚ್ಚು ಎಂಬುದು ಈ ಲೆಕ್ಕ ಹಾಕಿದವರಿಗೆ ಮಾತ್ರ ಗೊತ್ತಾಗುತ್ತದೆ.

ಎಷ್ಟು ಭಾರ ಎಂಬುದರಷ್ಟೇ ಎಲ್ಲಿ ಭಾರ ಎಂಬುದೂ ಮುಖ್ಯ. ಹಿಂದಿನ ಆಕ್ಸಲ್‌ನ, ಅಂದರೆ ಹಿಂಚಕ್ರಗಳ ಅಚ್ಚಿನ, ಆಚೆಗೆ ಚಾಚಿಕೊಂಡ ಭಾಗದಲ್ಲಿ ಇಡುವ ಸಾಮಾನು ಮೀಟುಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 4 ಮೀಟರ್ ಅಂತರವಿರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಆಚೆ 100 ಕಿಲೋ ಸಾಮಾನು ಇಟ್ಟರೆ ಆ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 100 ಅಲ್ಲ, 137.5 ಕಿಲೋ. ಉಳಿದ 37.5 ಕಿಲೋ ಮುಂದಿನ ಚಕ್ರಗಳಿಂದ ಎತ್ತಿ ತಂದ ಭಾರ. ಸ್ಟಿಯರಿಂಗ್ ಹಗುರವಾದಂತೆ ತೋರುವುದು, ಒದ್ದೆ ಏರಿನಲ್ಲಿ ಮುಂಚಕ್ರಗಳು ಜಾರುವುದು ಇದರಿಂದಲೇ. ಹಿಂಬದಿಯ ದೊಡ್ಡ ಡಿಕ್ಕಿಯನ್ನು ಕಂಡ ಕೂಡಲೇ ಭಾರದ ಪೆಟ್ಟಿಗೆಗಳನ್ನೆಲ್ಲ ಅಲ್ಲಿಗೆ ತುಂಬುವ ಆಸೆ ಸಹಜ. ಆದರೆ ಆ ಜಾಗ ದೊಡ್ಡದಾಗಿಯೂ ಹಗುರವಾಗಿಯೂ ಇರುವ ಕುರ್ಚಿ, ಚಾಪೆ, ಮಳೆಯಂಗಿ, ಮಡಚುವ ಮೇಜುಗಳಿಗೆ ಸಲ್ಲಬೇಕು. ಉಪಕರಣದ ಪೆಟ್ಟಿಗೆ, ನೀರಿನ ಕ್ಯಾನ್, ಡಬ್ಬಿಯ ಆಹಾರ, ದಪ್ಪ ಪುಸ್ತಕಗಳು ಎರಡು ಆಕ್ಸಲ್‌ಗಳ ನಡುವೆ ನೆಲಮಟ್ಟದಲ್ಲಿ, ಸೀಟಿನ ಕೆಳಗಿನ ಪೆಟ್ಟಿಗೆಗಳಲ್ಲಿ ಇರಲಿ. ತಲೆಯ ಮೇಲಿನ ಕಪಾಟುಗಳಿಗೆ ಬಟ್ಟೆ, ಪ್ಲಾಸ್ಟಿಕ್ ತಟ್ಟೆ, ಕಾಗದದ ಸುರುಳಿಗಳಂಥ ಹಗುರ ವಸ್ತುಗಳಷ್ಟೇ ಸಾಕು. ಅಡುಗೆಕಟ್ಟೆ, ಫ್ರಿಜ್, ನೀರಿನ ತೊಟ್ಟಿ ಒಂದೇ ಪಕ್ಕದಲ್ಲಿದ್ದರೆ ಭಾರದ ಸಾಮಾನನ್ನು ಎದುರು ಪಕ್ಕಕ್ಕೆ ಹಾಕಿ ತೂಗಿಸಬೇಕು. ಎಲ್ಲ ತುಂಬಿದ ಮೇಲೆ ಒಮ್ಮೆ ವೇಬ್ರಿಡ್ಜ್ ಮೇಲೆ ಗಾಡಿಯನ್ನು ನಿಲ್ಲಿಸಿ ಒಟ್ಟು ತೂಕವನ್ನೂ ಎರಡೂ ಆಕ್ಸಲ್‌ಗಳ ತೂಕವನ್ನು ಬೇರೆ ಬೇರೆಯಾಗಿಯೂ ನೋಡಿಕೊಳ್ಳದೆ ದೂರ ಪ್ರಯಾಣಕ್ಕೆ ಹೊರಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈ ಹೋಗುವ ದಾರಿ

ದಿನವೂ ಬಳಸುವ ವಸ್ತುವನ್ನು ತೆಗೆಯಲು ಇನ್ನೊಂದು ವಸ್ತುವನ್ನು ಸರಿಸಬೇಕಾಗಿ ಬಂದರೆ ಅದು ಆ ವಸ್ತುವಿಗೆ ತಪ್ಪು ಜಾಗ. ವಾರಕ್ಕೊಮ್ಮೆ ಬೇಕಾಗುವುದಕ್ಕೆ ಒಂದನ್ನು ಸರಿಸಿದರೆ ತಪ್ಪಿಲ್ಲ. ಋತುವಿಗೊಮ್ಮೆ ಬೇಕಾಗುವುದು ಹಾಸಿಗೆಯಡಿಯ ಅತ್ಯಂತ ಒಳಮೂಲೆಯಲ್ಲಿರಬಹುದು. ಈ ವಿಂಗಡಣೆಯನ್ನು ಮನಸ್ಸಿನಲ್ಲೇ ಮಾಡಲು ಹೋದರೆ ಮೋಸ ಹೋಗುತ್ತೇವೆ, ಏಕೆಂದರೆ ಯಾವುದನ್ನು ಎಷ್ಟು ಬಳಸುತ್ತೇವೆ ಎಂಬ ನಮ್ಮ ಅಂದಾಜು ಸರಿಯಿರುವುದಿಲ್ಲ. ಪ್ರತಿ ಡಬ್ಬಿ, ಪ್ರತಿ ಚೀಲದ ಮೇಲೆ ಕಾಗದದ ಟೇಪಿನ ತುಂಡೊಂದನ್ನು ಅಂಟಿಸಿ, ಅದನ್ನು ಹೊರತೆಗೆದಾಗಲೆಲ್ಲ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯಿರಿ. ನಾಲ್ಕು ವಾರ ಕಳೆದ ಮೇಲೆ ಗೀಟುಗಳನ್ನು ಎಣಿಸಿ ಜಾಗ ಬದಲಿಸಿ. ಒಂದು ಗೀಟೂ ಇಲ್ಲದ ವಸ್ತುಗಳನ್ನು ಗಾಡಿಯಿಂದ ಇಳಿಸಿಬಿಡಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಟಾರ್ಚು, ಎಚ್ಚರಿಕೆಯ ತ್ರಿಕೋನ, ಟೈರಿಗೆ ಸಂಬಂಧಿಸಿದ ಉಪಕರಣ ಇವಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳ ಮೇಲಾಗಲಿ ಮುಂದಾಗಲಿ ಬೇರೇನೂ ಇರಕೂಡದು. ಕತ್ತಲಲ್ಲಿ ಕೈ ಚಾಚಿದರೆ ಸಿಗುವಂತಿರಬೇಕು.

ಹೊರಗಿನ ಡಿಕ್ಕಿಯನ್ನು ತುಂಬುವುದಕ್ಕೂ ಒಂದು ಕ್ರಮವಿದೆ. ಒಂದು ರಾತ್ರಿ ಸುರಿಯುವ ಮಳೆಯಲ್ಲಿ ತಂಗುದಾಣ ತಲುಪಿದಾಗ, ಚಕ್ರದಡಿ ಇಟ್ಟು ಗಾಡಿಯನ್ನು ಮಟ್ಟ ಮಾಡುವ ಬೆಣೆಗಳು ಎರಡು ಕುರ್ಚಿ, ಒಂದು ಮೇಜು, ಸುತ್ತಿಟ್ಟ ಚಾಪೆಗಳ ಹಿಂದೆ ಇದ್ದವು. ಎಲ್ಲವನ್ನೂ ಕೆಸರಿನ ಮೇಲಿಳಿಸಿ, ಬೆಣೆ ತೆಗೆದು, ಮತ್ತೆ ಒದ್ದೆ ಸಾಮಾನನ್ನೇ ಒಳಗೆ ತುಂಬಬೇಕಾಯಿತು. ಆ ಒದ್ದೆ ಆರಲು ಮೂರು ದಿನ ಹಿಡಿಯಿತು. ಅಂದಿನಿಂದ ತಲುಪಿದಾಗ ಯಾವ ಕ್ರಮದಲ್ಲಿ ಬೇಕಾಗುತ್ತದೋ ಅದಕ್ಕೆ ಸರಿಯಾಗಿ ವಿರುದ್ಧ ಕ್ರಮದಲ್ಲಿ ತುಂಬುತ್ತೇನೆ: ಕುರ್ಚಿ ಮೇಜು ಮೊದಲು ಒಳಕ್ಕೆ, ಆಮೇಲೆ ನೀರಿನ ಕೊಳವೆ, ಆಮೇಲೆ ವಿದ್ಯುತ್ ಕೇಬಲ್, ಕೊನೆಗೆ ಬಾಗಿಲಿಗೆ ಒತ್ತಿಕೊಂಡಂತೆ ಬೆಣೆಗಳು. ಕೇಬಲನ್ನು ಸುರುಳಿ ಸುತ್ತಿದ ಹಾಗೆಯೇ ಇಟ್ಟು ಹೀಟರಿನಂಥ ಹೆಚ್ಚು ವಿದ್ಯುತ್ ಎಳೆಯುವ ಉಪಕರಣ ನಡೆಸಿದರೆ ಸುರುಳಿಯೊಳಗೆ ಶಾಖ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಪೂರ್ತಿ ಬಿಚ್ಚಲು ಸುಲಭವಾಗುವಂತೆ ಸಡಿಲವಾಗಿ ಸುತ್ತಿ ಅಗಲವಾದ ಚೀಲದಲ್ಲಿ ಇಡುವುದು ಒಳ್ಳೆಯದು. ಕುಡಿಯುವ ನೀರಿನ ಕೊಳವೆಯನ್ನೂ ಕೊಳೆನೀರಿನ ಕೊಳವೆಯನ್ನೂ ಯಾವ ಕಾರಣಕ್ಕೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಎರಡಕ್ಕೂ ಬೇರೆ ಬೇರೆ ಬಣ್ಣದ, ಮುಚ್ಚಳವಿರುವ ಪೆಟ್ಟಿಗೆಗಳಿರಲಿ.

ಅಡುಗೆಯ ಮೂಲೆ

ಇಲ್ಲಿ ಮೊದಲು ಬದಲಿಸಬೇಕಾದದ್ದು ದುಂಡನೆಯ ಡಬ್ಬಿಗಳನ್ನು. ಚೌಕದೊಳಗೆ ಕೂರುವ ವೃತ್ತ ಆ ಚೌಕದ ಶೇಕಡಾ 78.5ರಷ್ಟು ಜಾಗವನ್ನು ಮಾತ್ರ ತುಂಬುತ್ತದೆ. ಅಂದರೆ ದುಂಡು ಡಬ್ಬಿಗಳನ್ನು ಸಾಲಾಗಿ ಜೋಡಿಸಿದ ಕಪಾಟಿನಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗ ಗಾಳಿ. ಒಂದೇ ತಳದಳತೆಯ, ಎತ್ತರ ಮಾತ್ರ ಬೇರೆಯಿರುವ ಚೌಕ ಡಬ್ಬಿಗಳನ್ನು ಕೊಂಡರೆ ಅವು ಒಂದರ ಮೇಲೊಂದು ಅಲುಗಾಡದೆ ಕೂರುತ್ತವೆ. ಕೊಳ್ಳುವ ಮುನ್ನ ಕಪಾಟಿನ ಒಳಗಿನ ಅಗಲ, ಆಳ, ಎತ್ತರಗಳನ್ನು ಅಳೆದು, ಬಾಗಿಲಿನ ಚೌಕಟ್ಟು ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನೂ ನೋಡಿ. ಕಪಾಟಿನೊಳಗೆ ಹಿಡಿಸುವ ಡಬ್ಬಿ ಬಾಗಿಲಲ್ಲಿ ತೂರದೇ ಹೋಗುವುದುಂಟು. ಪಾತ್ರೆಗಳ ವಿಷಯದಲ್ಲಿ ಒಂದರೊಳಗೊಂದು ಕೂರುವ, ಹಿಡಿ ಬಿಚ್ಚಿಡಬಹುದಾದ ಜೋಡಿಗಳು ಕೊಟ್ಟ ಹಣಕ್ಕೆ ಸಾರ್ಥಕ. ಅವುಗಳ ನಡುವೆ ಒರೆಸುವ ಬಟ್ಟೆಗಳನ್ನು ಹಾಕಿದರೆ ಬಟ್ಟೆಗಳಿಗೂ ಜಾಗ ಸಿಕ್ಕಂತಾಯಿತು, ದಾರಿಯುದ್ದಕ್ಕೂ ಕೇಳಿಬರುವ ಗಲಗಲ ಸದ್ದೂ ನಿಂತಂತಾಯಿತು. ಮಡಚುವ ಸಿಲಿಕೋನ್ ಬಟ್ಟಲು, ಜರಡಿಗಳನ್ನು ಬಹಳ ಮಂದಿ ಹೊಗಳುತ್ತಾರೆ. ಅಪರೂಪಕ್ಕೆ ಬೇಕಾಗುವುದಾದರೆ ಸರಿ, ದಿನಕ್ಕೆ ಮೂರು ಬಾರಿ ಬಿಚ್ಚಿ ಮಡಚುವುದು ಬೇಸರದ ಕೆಲಸ.

ಕಪಾಟಿನ ಬಾಗಿಲುಗಳಿಗೆ ಅಯಸ್ಕಾಂತದ ಹಿಡಿತ ಸಾಲದು. ತಿರುವಿನಲ್ಲಿ ಗಾಡಿ ವಾಲಿದಾಗ ಒಳಗಿನ ಸಾಮಾನೇ ಬಾಗಿಲನ್ನು ಒತ್ತಿ ತೆರೆಯುತ್ತದೆ. ಹಾಗೆ ಒಮ್ಮೆ ಮೇಲಿನ ಕಪಾಟಿನಿಂದ ಎಣ್ಣೆಯ ಗಾಜಿನ ಸೀಸೆ ನೆಲಕ್ಕೆ ಬಿದ್ದು ಒಡೆದು, ನೆಲದ ಸಂದುಗಳಿಗಿಳಿದ ಎಣ್ಣೆ ತಿಂಗಳುಗಟ್ಟಲೆ ಜಿಡ್ಡು ಬಿಟ್ಟಿತು. ಗುಂಡಿ ಒತ್ತಿದರೆ ಮಾತ್ರ ತೆರೆಯುವ ಲಾಚ್ ಅಥವಾ ಗಟ್ಟಿಯಾದ ಚಿಲಕ ಹಾಕಿಸಿ, ಕಪಾಟಿನ ತಳಕ್ಕೆ ಜಾರದ ರಬ್ಬರ್ ಹಾಸು ಹಾಸಿ, ತೆರೆದ ಗೂಡುಗಳಿಗೆ ಅಡ್ಡಪಟ್ಟಿಯನ್ನೋ ಬಿಗಿಯಾದ ಬಲೆಯನ್ನೋ ಕಟ್ಟಬೇಕು. ಗಾಜಿನ ಸಾಮಾನು ಕೆಳಗಿನ ಡ್ರಾಯರ್‌ನಲ್ಲಿ, ಕಾಲುಚೀಲದೊಳಗೆ ಸೇರಿಸಿ ನೆಟ್ಟಗೆ ನಿಲ್ಲಿಸಿದರೆ ಒಡೆಯುವುದಿಲ್ಲ.

ಹಾಸಿಗೆಯ ಕೆಳಗೆ

ಇಡೀ ಗಾಡಿಯಲ್ಲಿ ಅತಿ ದೊಡ್ಡ ಒಳಜಾಗ ಇದೇ. ಡ್ರಾಯರ್ ಮಾಡಿಸುವುದೋ, ಗ್ಯಾಸ್ ಸ್ಟ್ರಟ್ (ಒಳಗಿನ ಅನಿಲದ ಒತ್ತಡದಿಂದ ಭಾರವನ್ನು ಎತ್ತಿ ಹಿಡಿಯುವ ಸರಳು) ಹಾಕಿ ಹಾಸಿಗೆಯನ್ನೇ ಮೇಲಕ್ಕೆತ್ತುವುದೋ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಡ್ರಾಯರ್ ಸುಲಭ, ಆದರೆ ಪಕ್ಕಕ್ಕೆ ಕೂರಿಸುವ ಹಳಿಗಳು ಸಾಮಾನ್ಯವಾಗಿ ಒಂದೊಂದು ಬದಿಗೂ ಸುಮಾರು 13 ಮಿಲಿಮೀಟರ್ ಅಗಲ ತಿನ್ನುತ್ತವೆ, ಲೋಹದ ತೂಕ ಸೇರುತ್ತದೆ, ಎದುರಿಗೆ ಡ್ರಾಯರ್ ಪೂರ್ತಿ ಹೊರಬರುವಷ್ಟು ನೆಲವೂ ಬೇಕು. ಎತ್ತುವ ಹಾಸಿಗೆಯಲ್ಲಿ ಜಾಗ ಪೋಲಾಗುವುದಿಲ್ಲ, ಆದರೆ ಹೊದಿಕೆಯನ್ನೆಲ್ಲ ಸರಿಮಾಡದೆ ಏನೂ ಕೈಗೆ ಸಿಗುವುದಿಲ್ಲ. ನಾನು ಒಪ್ಪಿಕೊಂಡದ್ದು ನಡುಹಾದಿ: ಓಡಾಡುವ ಕಡೆಗೆ ಒಂದೇ ಒಂದು ಆಳವಿಲ್ಲದ ಡ್ರಾಯರ್, ಅದರ ಹಿಂದಿನ ಉಳಿದ ಜಾಗಕ್ಕೆ ಎತ್ತುವ ಮುಚ್ಚಳ. ಹಲಗೆ ಕೊಯ್ಯಿಸುವ ಮೊದಲು ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ ಒಂದು ವಾರ ಬಳಸಿ ನೋಡಿದರೆ ತಪ್ಪುಗಳು ಖರ್ಚಿಲ್ಲದೆ ತಿಳಿಯುತ್ತವೆ. 12 ಮಿಲಿಮೀಟರಿನ ಬರ್ಚ್ ಪ್ಲೈವುಡ್ ಚದರ ಮೀಟರಿಗೆ ಸುಮಾರು 8 ಕಿಲೋ ತೂಗುತ್ತದೆ. 18 ಮಿಲಿಮೀಟರಿನದು ಅದರ ಒಂದೂವರೆ ಪಟ್ಟು. ಮನೆಯ ಪೀಠೋಪಕರಣದ ದಪ್ಪವನ್ನು ಇಲ್ಲಿಗೆ ತರುವ ಅಗತ್ಯವಿಲ್ಲ.

ಬಟ್ಟೆಗಳಿಗೆ ಗಟ್ಟಿ ಸೂಟ್‌ಕೇಸ್ ಬೇಡ. ಖಾಲಿಯಾದರೂ ಅದು ಅಷ್ಟೇ ಜಾಗ ಹಿಡಿಯುತ್ತದೆ. ಸುತ್ತಿಟ್ಟ ಬಟ್ಟೆಗಳ ಮೆದುಚೀಲಗಳು ಮೂಲೆಯ ಆಕಾರಕ್ಕೆ ಹೊಂದಿಕೊಳ್ಳುತ್ತವೆ. ಹೆಚ್ಚುವರಿ ಕಂಬಳಿ, ಚಳಿಯುಡುಪುಗಳನ್ನು ಒರಗುದಿಂಬಿನ ಗವಸಿನೊಳಗೆ ತುಂಬಿದರೆ ಹಗಲಲ್ಲಿ ಒರಗಲು ದಿಂಬಾಯಿತು, ರಾತ್ರಿ ಹೊದೆಯಲು ಹೊದಿಕೆಯಾಯಿತು.

ತುಂಬಬಾರದ ಜಾಗಗಳು

ಜಾಣತನದಿಂದ ಖಾಲಿ ಬಿಡಬೇಕಾದ ಜಾಗಗಳೂ ಇವೆ, ಮತ್ತು ಇವುಗಳ ವಿಷಯದಲ್ಲಿ ರಾಜಿ ಸಲ್ಲದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ಹೊರಹೋಗಲೆಂದೇ ಸಿಲಿಂಡರ್ ಇರುವ ಗೂಡಿನ ತಳದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಆ ಗೂಡಿನಲ್ಲಿ ಉಳಿದ ಒಂದಿಷ್ಟು ಜಾಗ ಕಣ್ಣಿಗೆ ಬಿದ್ದು ಚೀಲವೊಂದನ್ನು ತುರುಕಿದರೆ ಕಿಂಡಿ ಮುಚ್ಚುತ್ತದೆ. ಫ್ರಿಜ್ಜಿನ ಹಿಂಬದಿಯ ಗಾಳಿಕಿಂಡಿ, ಹೀಟರಿನ ಬಿಸಿಗಾಳಿಯ ಬಾಯಿ, ಬ್ಯಾಟರಿ ಮತ್ತು ಇನ್ವರ್ಟರ್ ಸುತ್ತಲಿನ ತೆರಪು, ಇಂಗಾಲದ ಮಾನಾಕ್ಸೈಡ್ ಎಚ್ಚರಿಕೆ ಯಂತ್ರದ ಎದುರು, ಇವೆಲ್ಲ ಇದೇ ಸಾಲಿಗೆ ಸೇರುತ್ತವೆ.

ಹಾಸಿಗೆಯ ತಳಕ್ಕೂ ಗಾಳಿ ಬೇಕು. ಒಂದು ಚಳಿಗಾಲದ ಬೆಳಿಗ್ಗೆ ಹಾಸಿಗೆಯನ್ನು ಎತ್ತಿದಾಗ ಪ್ಲೈವುಡ್ ಹಲಗೆಯ ಮೇಲೆ ಭುಜ, ಸೊಂಟ ತಾಗುವ ಜಾಗಗಳಲ್ಲೇ ಸಾಸಿವೆ ಕಾಳಿನಷ್ಟು ಕರಿಚುಕ್ಕೆಗಳು ಹರಡಿದ್ದವು, ಬೆರಳಿಟ್ಟರೆ ಹಲಗೆ ತಣ್ಣಗೆ ಒದ್ದೆಯಾಗಿತ್ತು. ಮೈಯ ಬೆಚ್ಚನೆಯ ಆವಿ ಹಾಸಿಗೆಯನ್ನು ದಾಟಿ ತಣ್ಣನೆಯ ಹಲಗೆಗೆ ತಾಗಿದಾಗ ನೀರಾಗುತ್ತದೆ. ಕೆಳಗೆ ಸಾಮಾನು ಒತ್ತೊತ್ತಾಗಿ ತುಂಬಿದ್ದರೆ ಆರಲು ದಾರಿಯೇ ಇರುವುದಿಲ್ಲ. ಹಲಗೆಯ ಬದಲು ಸಂದು ಬಿಟ್ಟ ಪಟ್ಟಿಗಳು, ಅಥವಾ ಹಲಗೆಗೆ ಕೊರೆದ ತೂತುಗಳು, ಮತ್ತು ಸಾಮಾನಿನ ಮೇಲೆ ನಾಲ್ಕು ಬೆರಳಿನಷ್ಟು ತೆರಪು ಇದ್ದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಹೊರಗೋಡೆಗೆ ತಾಗಿದ ಕಪಾಟುಗಳಲ್ಲಿಯೂ ಬಟ್ಟೆಯನ್ನು ಗೋಡೆಗೆ ಒತ್ತದಂತೆ ಒಂದೆರಡು ಬೆರಳು ಮುಂದಕ್ಕಿಡಿ.

ಗೋಡೆಗೆ ಕೊಕ್ಕೆ, ಜೇಬುಚೀಲ, ಬುಟ್ಟಿಗಳನ್ನು ಹಾಕುವಾಗ ನೆನಪಿಡಬೇಕಾದದ್ದು, ಅನೇಕ ಮೋಟರ್‌ಹೋಮ್‌ಗಳ ಗೋಡೆ ತೆಳುವಾದ ಎರಡು ಹಾಳೆಗಳ ನಡುವೆ ಫೋಮ್ ತುಂಬಿದ ಪದರಗೋಡೆ ಎಂಬುದು. ಬರಿ ಹಾಳೆಗೆ ಹಾಕಿದ ಸ್ಕ್ರೂ ಭಾರ ತಾಳದೆ ಕಿತ್ತುಬರುತ್ತದೆ, ಉದ್ದ ಹೆಚ್ಚಾದರೆ ಹೊರಹಾಳೆಯನ್ನೇ ತೂತು ಮಾಡಿ ನೀರಿಗೆ ದಾರಿ ಕೊಡುತ್ತದೆ. ಸ್ಕ್ರೂಗಳನ್ನು ಕಪಾಟಿನ ಚೌಕಟ್ಟಿಗೆ ಮಾತ್ರ ಹಾಕಿ, ಉಳಿದ ಕಡೆ ಅಂಟುಕೊಕ್ಕೆಗಳನ್ನು ಬಳಸಿ. ಅಂಟಿಸುವ ಮುನ್ನ ಜಿಡ್ಡನ್ನು ಪೂರ್ತಿ ಒರೆಸಿ, ಅಂಟಿಸಿದ ಮೇಲೆ ಒಂದು ದಿನ ಏನನ್ನೂ ತೂಗುಹಾಕದೆ ಬಿಟ್ಟರೆ ಹಿಡಿತ ಗಟ್ಟಿಯಾಗುತ್ತದೆ. ಒದ್ದೆ ಅಂಗಿ, ಶೂಗಳಿಗೆ ಸ್ನಾನದ ಕೋಣೆಯೇ ಸರಿಯಾದ ಜಾಗ. ಚಾವಣಿಯ ಕೆಳಗೊಂದು ಸರಳು, ನೆಲದಲ್ಲೊಂದು ಅಂಚೆತ್ತರದ ತಟ್ಟೆ ಇಟ್ಟರೆ ಗಾಡಿ ಓಡುವಾಗಲೇ ಎಲ್ಲ ತೊಟ್ಟಿಕ್ಕಿ ಆರುತ್ತದೆ.

ಯಾವ ಡಬ್ಬಿ ಯಾವ ಗೂಡಿನಲ್ಲಿ ಎಂಬುದರ ಸಣ್ಣ ನಕ್ಷೆಯೊಂದನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದರೆ ಜೊತೆಗಾರರಿಗೂ ಅದು ಮನೆಯಂತೆ ಪರಿಚಿತವಾಗುತ್ತದೆ. ಹೊರಡುವ ಮುನ್ನ ಹಿಂದಿನಿಂದ ಮುಂದಕ್ಕೆ ಬರುತ್ತಾ ಪ್ರತಿ ಚಿಲಕವನ್ನೂ ಕಣ್ಣಿನಿಂದ ನೋಡುವುದಷ್ಟೇ ಅಲ್ಲದೆ ಕೈಯಿಂದ ಎಳೆದು ಪರೀಕ್ಷಿಸಿ; ಮೇಜಿನ ಮೇಲೆ, ಒಲೆಯ ಮೇಲೆ, ಪಾತ್ರೆ ತೊಳೆಯುವ ಸಿಂಕಿನೊಳಗೆ ಏನೂ ಉಳಿಯದಂತೆ ನೋಡಿಕೊಳ್ಳಿ. ಆಮೇಲೆ ರೇಡಿಯೋ ಹಾಕದೆ ಮೊದಲ ಒಂದೆರಡು ತಿರುವು ನಿಧಾನವಾಗಿ ಹೋಗಿ, ಹಿಂದೆ ಏನಾದರೂ ಉರುಳಿದ ಸದ್ದು ಕೇಳಿದರೆ ಸುರಕ್ಷಿತವಾದ ಜಾಗ ಸಿಕ್ಕಿದೊಡನೆ ಗಾಡಿ ನಿಲ್ಲಿಸಿ, ಅದನ್ನು ಹುಡುಕಿ ಸರಿಪಡಿಸಿದ ಮೇಲೆಯೇ ಹೆದ್ದಾರಿ ಸೇರಿ.