ಪಗಾರ ಮುಪ್ಪಿಗೆ, ತೊಗರಿ ಸಾಲಕ್ಕೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ ಒಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಮನೆಯವರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದಲ್ಲಿ ಚಾಲಕರು. ಆಳಂದ ತಾಲ್ಲೂಕಿನಲ್ಲಿ ಮಾವನವರ ಒಣಬೇಸಾಯದ ಹೊಲವಿದೆ. ತೊಗರಿ ಕೈಹಿಡಿದ ವರ್ಷ ನಮ್ಮ ಪಾಲಿಗೂ ಒಂದಿಷ್ಟು ಹಣ ಬರುತ್ತದೆ, ಕೈಕೊಟ್ಟ ವರ್ಷ ಏನೂ ಇಲ್ಲ. 2021ರ ಆರಂಭದಲ್ಲಿ ಸೇಡಂ ರಸ್ತೆಯ ಕಡೆ 30×40ರ ನಿವೇಶನದಲ್ಲಿ ಮನೆ ಕಟ್ಟಲು ಇಬ್ಬರ ಹೆಸರಿನಲ್ಲಿ 20 ಲಕ್ಷ ರೂಪಾಯಿ ಸಾಲ ತೆಗೆದೆವು. ಬಡ್ಡಿ ಶೇ 7, ಅವಧಿ 20 ವರ್ಷ, ತಿಂಗಳ ಕಂತು 15,506 ರೂಪಾಯಿ. ಸಾಲ ಮುಗಿಯಬೇಕಾದದ್ದು 2041ಕ್ಕೆ. ಮನೆಯವರ ನಿವೃತ್ತಿ 2036ಕ್ಕೆ. ಈ ಐದು ವರ್ಷದ ಅಂತರವೇ ನಮ್ಮ ಎಲ್ಲ ಲೆಕ್ಕಾಚಾರದ ಮೂಲ.

ಸಾಲ ಬೇಗ ತೀರಿಸಬೇಕೋ, ಮುಪ್ಪಿಗೆ ಕೂಡಿಡಬೇಕೋ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಬಡ್ಡಿದರ ನೋಡಿ ನಿರ್ಧರಿಸುತ್ತಾರೆ. ನಾನು ಅದಕ್ಕಿಂತ ಮೊದಲು ಹಣ ಬರುವ ರೀತಿಯನ್ನು ನೋಡಿದೆ. ಪಗಾರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಮುಪ್ಪಿನ ಉಳಿತಾಯಕ್ಕೂ ಬೇಕಾದದ್ದು ಅದೇ ನಿಯಮಿತತೆ. ತೊಗರಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ಎಷ್ಟು ಎಂದು ಯಾರೂ ಹೇಳಲಾರರು. ಗೃಹಸಾಲ ಇಂಥ ಹಣವನ್ನು ಯಾವಾಗ ಕೊಟ್ಟರೂ, ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ. ವ್ಯಕ್ತಿಗಳು ತೆಗೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಹಾಗಾಗಿ ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡೆವು: ಪಗಾರದಲ್ಲಿ ಕಂತು ಕಟ್ಟಿ ಉಳಿದದ್ದು ಮುಪ್ಪಿಗೆ, ತೊಗರಿಯ ಹಣ ಸಾಲಕ್ಕೆ.

ಈ ಕಟ್ಟಳೆಗೆ ಮೊದಲ ಪರೀಕ್ಷೆ ಬಂದದ್ದು 2022ರಲ್ಲಿ. ಎರಡು ಕಡೆಯಿಂದ ಒಟ್ಟಿಗೆ ಬಂತು.

ಆ ವರ್ಷ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗಿದ್ದೆವು. ದೂರದಿಂದ ಬೆಳೆ ಎದೆಯೆತ್ತರ ನಿಂತಿತ್ತು. ಹತ್ತಿರ ಹೋದರೆ ಸಾಲುಸಾಲು ಗಿಡಗಳು ನಿಂತಲ್ಲೇ ಒಣಗಿದ್ದವು. ಮಾವನವರು ಒಂದು ಗಿಡ ಕಿತ್ತು ಕಾಂಡವನ್ನು ಉಗುರಿನಿಂದ ಸೀಳಿ ತೋರಿಸಿದರು: ಒಳಗೆ ಬುಡದಿಂದ ಮೇಲಿನವರೆಗೆ ಕಂದು ಗೆರೆ. ಕಾಯಿ ಒಡೆದರೆ ಕಾಳು ಜೊಳ್ಳು. ಆ ವರ್ಷ ರಾಶಿಯಿಂದ ಬಂದದ್ದು ಬೀಜ, ಆಳಿನ ಖರ್ಚಿಗೇ ಸಾಲಲಿಲ್ಲ.

ಇನ್ನೊಂದು ಕಡೆ, ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ, ಏರಿಸುತ್ತ ಹೋಯಿತು. ಶೇ 4 ಇದ್ದದ್ದು 2023ರ ಫೆಬ್ರುವರಿಗೆ 6.5 ಆಯಿತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಬಹುಪಾಲು ಈ ರೆಪೊ ದರಕ್ಕೇ, ಜೋಡಣೆಯಾಗಿವೆ. ನಮ್ಮ ಬಡ್ಡಿ ಶೇ 7ರಿಂದ 9.5ಕ್ಕೆ ಏರಿತು. ಕಂತು ಮಾತ್ರ ಇದ್ದಷ್ಟೇ ಇತ್ತು. ಇದನ್ನು ನೋಡಿ ನೆಮ್ಮದಿಯಾಗಿದ್ದವರು ನಮ್ಮ ಓಣಿಯಲ್ಲೇ ಹಲವರು. ನಾನು ಸಾಲದ ಖಾತೆಯ ವಿವರಪಟ್ಟಿ ತರಿಸಿ ನೋಡಿದೆ. ಬಾಕಿ ಸುಮಾರು 19 ಲಕ್ಷ. ಶೇ 9.5ರಂತೆ ಒಂದು ತಿಂಗಳ ಬಡ್ಡಿಯೇ 15,042 ರೂಪಾಯಿ. ನಾವು ಕಟ್ಟುತ್ತಿದ್ದ 15,506ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 464 ರೂಪಾಯಿ ಮಾತ್ರ! ಹೀಗೆಯೇ ಬಿಟ್ಟರೆ ಸಾಲ ಮುಗಿಯಲು ಇನ್ನೂ 37 ವರ್ಷ ಬೇಕು. ಕಂತು ಏರದಿದ್ದರೆ ಅವಧಿ ಹಿಗ್ಗುತ್ತದೆ, ಅದು ನಮಗೆ ಕಾಣಿಸುವುದಿಲ್ಲ. ಗೃಹಸಾಲ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಈ ಪಟ್ಟಿ ತರಿಸಿ, ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ನೋಡಲೇಬೇಕು. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಬ್ಯಾಂಕಿಗೆ ಅರ್ಜಿ ಬರೆದು, ಉಳಿದ 18 ವರ್ಷದಲ್ಲೇ ಮುಗಿಯುವಂತೆ ಕಂತನ್ನು 18,400 ರೂಪಾಯಿಗೆ ಏರಿಸಿಕೊಂಡೆವು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬಡ್ಡಿ ಏರಿದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಬ್ಯಾಂಕು ಸಾಲಗಾರರಿಗೆ ಕೊಡಬೇಕು ಎಂಬುದು ಅದರ ಸಾರ. ಈಗ ಕೇಳಿದರೆ ಯಾವ ಶಾಖೆಯೂ ಇಲ್ಲ ಎನ್ನುವಂತಿಲ್ಲ.

ಏರಿದ 2,900 ರೂಪಾಯಿಯನ್ನು ಎಲ್ಲಿಂದ ತರುವುದು ಎಂಬುದೇ ಮುಂದಿನ ಪ್ರಶ್ನೆ. ಮನೆಯವರಿಗೆ ಸಾಲ ಎಂದರೆ ಆಗದು. ತಲೆಯ ಮೇಲೆ ಸಾಲವಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಅವರ ಸಲಹೆ ನೇರವಾಗಿತ್ತು: ಇಬ್ಬರ ಭವಿಷ್ಯ ನಿಧಿಯಿಂದ ಸಾಧ್ಯವಾದಷ್ಟು ತೆಗೆದು ಸಾಲಕ್ಕೆ ಕಟ್ಟಿಬಿಡೋಣ. ಹತ್ತು ವರ್ಷ ಸದಸ್ಯರಾಗಿದ್ದವರಿಗೆ ಗೃಹಸಾಲ ತೀರಿಸಲು ನಿಧಿಯಿಂದ ಹಣ ತೆಗೆಯುವ ಅವಕಾಶವೂ ಇತ್ತು. ಅಂಕಿ ಅವರ ಪರವಾಗಿಯೇ ಇತ್ತು. 2022–23ಕ್ಕೆ ಭವಿಷ್ಯ ನಿಧಿಯ ಬಡ್ಡಿ ಶೇ 8.15, ಸಾಲದ್ದು 9.5. ಆದರೂ ನಾನು ಒಪ್ಪಲಿಲ್ಲ. ಸಾಲದ ಬಡ್ಡಿ ರೆಪೊ ಜೊತೆ ಏರುತ್ತದೆ, ಇಳಿಯುತ್ತದೆ. ನಿಧಿಯಿಂದ ಒಮ್ಮೆ ತೆಗೆದ ಹಣವನ್ನು ಮತ್ತೆ ಒಟ್ಟಿಗೆ ತಂದು ತುಂಬಲು ಆಗುವುದಿಲ್ಲ. ಅಲ್ಲಿಗೆ ಹಣ ಹೋಗುವುದು ಪಗಾರದ ಮೂಲಕ, ತಿಂಗಳು ತಿಂಗಳು ಮಾತ್ರ. ಒಂದೆರಡು ವರ್ಷ ಇರಬಹುದಾದ ವ್ಯತ್ಯಾಸಕ್ಕಾಗಿ ಇಪ್ಪತ್ತು ವರ್ಷದ ಕೂಡಿಕೆಯನ್ನು ಒಡೆಯುವುದು ನನಗೆ ಸರಿ ಎನ್ನಿಸಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಪಿಂಚಣಿ. ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 15,000 ರೂಪಾಯಿಯ ವೇತನ ಮಿತಿಯಲ್ಲಿರುವವರು 35 ವರ್ಷ ದುಡಿದರೂ ತಿಂಗಳಿಗೆ ಸಿಗುವುದು 7,500ರ ಆಸುಪಾಸು ಮಾತ್ರ. ನಮ್ಮ ಮನೆಯ ಈಗಿನ ಖರ್ಚು ಕಂತು ಬಿಟ್ಟು 30,000 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹದಿನೈದು ವರ್ಷದಲ್ಲಿ ಅದೇ ಖರ್ಚು 72,000 ಆಗುತ್ತದೆ. ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಮನೆಯವರ ಮುಂದಿಟ್ಟೆ. ಸಾಲವಿಲ್ಲದ ಮನೆ ತಲೆಯ ಮೇಲೆ ಸೂರು ಕೊಡುತ್ತದೆ; ಆದರೆ ಗೋಡೆ ಕೆತ್ತಿ ಜೋಳ ತರಲಾಗುವುದಿಲ್ಲ. ಆ ಸಂಜೆಯ ನಂತರ ನಿಧಿಗೆ ಕೈಹಾಕುವ ಮಾತು ಬರಲಿಲ್ಲ. ಹೆಚ್ಚಿನ ಕಂತಿಗೆ, ನಾನು ಕಟ್ಟುತ್ತಿದ್ದ ಒಂದು ಚೀಟಿ ಅದೇ ಹೊತ್ತಿಗೆ ಮುಗಿದದ್ದು ಅನುಕೂಲವಾಯಿತು. ಹೊಸ ಚೀಟಿ ಹಾಕಲಿಲ್ಲ.

ಈಗ ಪಗಾರ ಬಂದ ಕೂಡಲೇ ಹೋಗುವ ದಾರಿ ಹೀಗಿದೆ. ನನ್ನ ಪಗಾರದಲ್ಲಿ ಕಡ್ಡಾಯ ಕಡಿತದ ಮೇಲೆ ಇನ್ನೂ 3,000 ರೂಪಾಯಿ ಸ್ವಯಂಪ್ರೇರಿತ ಭವಿಷ್ಯ ನಿಧಿಗೆ ಹೋಗುತ್ತದೆ. ಕೈಗೆ ಬರುವ ಮೊದಲೇ ಹೋಗುವುದರಿಂದ ಅದರ ಆಸೆ ಹುಟ್ಟುವುದಿಲ್ಲ. 4,000 ರೂಪಾಯಿ ಷೇರುಪೇಟೆಯ ನಿಫ್ಟಿ ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡ್‌ಗೆ, ತಿಂಗಳ 7ನೇ ತಾರೀಖು. ಷೇರುಪೇಟೆ ಬಿದ್ದ ತಿಂಗಳೂ ನಿಲ್ಲಿಸಿಲ್ಲ, ಏರಿದಾಗ ಹೆಚ್ಚಿಸಿಯೂ ಇಲ್ಲ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ ಸ್ವಲ್ಪ. ಇಬ್ಬರಿಗೂ ಅವಧಿ ವಿಮೆ ಇದೆ. ಅದರ ಮೊತ್ತ ಸಾಲದ ಬಾಕಿಗಿಂತ ಹೆಚ್ಚಿದೆ, ಏನಾದರೂ ಆದರೆ ಉಳಿದವರ ಮೇಲೆ ಮನೆಯ ಭಾರ ಬೀಳಬಾರದು.

ತೆರಿಗೆಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. "ಗೃಹಸಾಲ ಬೇಗ ತೀರಿಸಬೇಡಿ, ತೆರಿಗೆ ಉಳಿಯುತ್ತದೆ" ಎಂದು ಈಗಲೂ ಹಲವರು ಹೇಳುತ್ತಾರೆ. ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗಿನ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ನಮ್ಮಂಥ ಪಗಾರದವರಿಗೆ ಆ ಸಲಹೆಯಿಂದ ಒಂದು ಪೈಸೆಯ ಲಾಭವೂ ಇಲ್ಲ.

ತೊಗರಿಯ ಹಣಕ್ಕೆ ಬರುತ್ತೇನೆ. 2024ರ ಆರಂಭದಲ್ಲಿ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ನಲ್ಲಿ ಕ್ವಿಂಟಲ್ ತೊಗರಿಗೆ 10,000 ರೂಪಾಯಿ ದಾಟಿತು. ಮಿಲ್‌ನಲ್ಲಿ ಕೂತು ದಿನವೂ ಖರೀದಿ ಚೀಟಿ ಬರೆಯುವ ನನಗೆ ಮಾವನವರ ಫೋನ್ ಬರುವ ಮೊದಲೇ ದರ ಗೊತ್ತಿರುತ್ತಿತ್ತು. ನಮ್ಮ ಪಾಲಿಗೆ ಬಂದದ್ದು 1.8 ಲಕ್ಷ. ಅಷ್ಟನ್ನೂ ಸಾಲಕ್ಕೆ ಸುರಿಯಲಿಲ್ಲ. ಮೂರರಲ್ಲಿ ಒಂದು ಪಾಲು, ಅಂದರೆ 60,000, ಆಪತ್ತಿನ ಠೇವಣಿಗೆ, ಉಳಿದ 1.2 ಲಕ್ಷ ಸಾಲದ ಅಸಲಿಗೆ. ಆಪತ್ತಿನ ಠೇವಣಿ ಎಂದರೆ ಆರು ತಿಂಗಳ ಕಂತು ಮತ್ತು ಮನೆಖರ್ಚು ಸೇರಿದ ಮೊತ್ತ. ಅದು ತುಂಬುವವರೆಗೆ ಈ ಪಾಲು ನಿಲ್ಲುವುದಿಲ್ಲ. ಸಾಲಕ್ಕೆ ಕಟ್ಟಿದ ಹಣವನ್ನು ಬ್ಯಾಂಕು ಮರಳಿ ಕೊಡುವುದಿಲ್ಲ, ನೆಟೆ ರೋಗ ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಬಂಗಾರದ ಮೇಲಿನ ಸಾಲವೋ, ಸೊಸೈಟಿಯ ಕೈಸಾಲವೋ ಇರುವವರು ಮೊದಲು ಅದನ್ನು ತೀರಿಸಲಿ. ಗೃಹಸಾಲಕ್ಕಿಂತ ಅವುಗಳ ಬಡ್ಡಿ ಸಾಮಾನ್ಯವಾಗಿ ಹೆಚ್ಚು.

ಹೀಗೆ ಕಟ್ಟಿದ ಹಣದ ಬಲ ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಬಾಕಿ 19 ಲಕ್ಷ, ಬಡ್ಡಿ ಶೇ 9.5, ಉಳಿದ ಅವಧಿ 216 ತಿಂಗಳು. ಇಲ್ಲಿ ಒಂದು ಲಕ್ಷ ರೂಪಾಯಿಯನ್ನು ಒಮ್ಮೆ ಅಸಲಿಗೆ ಕಟ್ಟಿ ಕಂತನ್ನು ಹಾಗೇ ಮುಂದುವರಿಸಿದರೆ ಸಾಲ 189 ತಿಂಗಳಿಗೆ ಮುಗಿಯುತ್ತದೆ. ಇಪ್ಪತ್ತೇಳು ಕಂತು ಕಡಿಮೆ!

ಆದರೆ ಇದು ಸಿಗುವುದು ಬ್ಯಾಂಕಿನಲ್ಲಿ ಸರಿಯಾಗಿ ನಮೂದಾದರೆ ಮಾತ್ರ. ನಾನು ಆನ್‌ಲೈನ್‌ನಲ್ಲಿ ಹಣ ಹಾಕಿ ಸುಮ್ಮನಿರುವುದಿಲ್ಲ. ಬೆಳಗಿನ ಹೊತ್ತು ಶಾಖೆಗೆ ಹೋಗಿ ಒಂದು ಅರ್ಜಿ ಕೊಡುತ್ತೇನೆ. ಅದರಲ್ಲಿ ಎರಡು ಸಾಲು: ಈ ಮೊತ್ತವನ್ನು ಅಸಲಿನ ಭಾಗಶಃ ಮರುಪಾವತಿಯಾಗಿ ಪರಿಗಣಿಸಿ, ಮುಂಗಡ ಕಂತಾಗಿ ಅಲ್ಲ, ಕಂತು ಇಳಿಸಬೇಡಿ, ಅವಧಿ ಇಳಿಸಿ. ಅರ್ಜಿಯ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳುತ್ತೇನೆ. ಮುಂದಿನ ತಿಂಗಳು ವಿವರಪಟ್ಟಿ ತೆಗೆದು ಬಾಕಿ ಅಷ್ಟೇ ಇಳಿದಿದೆಯೇ, ಕೊನೆಯ ಕಂತಿನ ತಾರೀಖು ಹಿಂದಕ್ಕೆ ಬಂದಿದೆಯೇ ಎಂದು ನೋಡುತ್ತೇನೆ. ಬೇರೇನೂ ಹೇಳದಿದ್ದರೆ ಕೆಲವೆಡೆ ಕಂತನ್ನೇ ಇಳಿಸಿಬಿಡುತ್ತಾರೆ. ತಿಂಗಳಿಗೆ ಸಾವಿರ ರೂಪಾಯಿ ಉಳಿದಂತೆ ಕಾಣುತ್ತದೆ, ಸಾಲ ಮಾತ್ರ ಇದ್ದಷ್ಟು ದಿನವೂ ಇರುತ್ತದೆ.

2025ರಲ್ಲಿ ಗಾಳಿ ತಿರುಗಿತು. ತೊಗರಿಯ ದರ ಬೆಂಬಲ ಬೆಲೆಯಾದ 7,550ರ ಆಸುಪಾಸಿಗೆ ಇಳಿಯಿತು, ಸಾಲಕ್ಕೆ 50,000 ಮಾತ್ರ ಕಟ್ಟಲು ಸಾಧ್ಯವಾಯಿತು. ಅದೇ ವರ್ಷ ರೆಪೊ ದರವೂ ಹಂತಹಂತವಾಗಿ ಇಳಿದು ಡಿಸೆಂಬರ್‌ಗೆ 5.25ಕ್ಕೆ ಬಂತು. ನಮ್ಮ ಸಾಲದ ಬಡ್ಡಿ ಶೇ 8.25 ಆಯಿತು. 2024–25ಕ್ಕೆ ಭವಿಷ್ಯ ನಿಧಿಗೆ ಘೋಷಿಸಿದ ಬಡ್ಡಿಯೂ 8.25! ಅಂದು ನಿಧಿ ಒಡೆಯದೆ ಉಳಿಸಿಕೊಂಡದ್ದಕ್ಕೆ ಮನೆಯವರೇ ಮೊದಲು ಸಂತೋಷಪಟ್ಟರು. ಬಡ್ಡಿ ಇಳಿದರೂ ಕಂತನ್ನು 18,400ರಿಂದ ಇಳಿಸಿಕೊಳ್ಳಲಿಲ್ಲ. ಇಂಥ ಹೊತ್ತಿನಲ್ಲಿ ಕಂತು ಇಳಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಬಡ್ಡಿ ಏರಿದಾಗ ಕಷ್ಟಪಟ್ಟು ಹೊಂದಿಸಿಕೊಂಡ ಹಣ ಅದು. ಇಳಿದಾಗ ಅದೇ ಹಣ ತಿಂಗಳು ತಿಂಗಳೂ ಅಸಲನ್ನು ಕಡಿಯುತ್ತದೆ, ಬೇರೆ ಏನನ್ನೂ ಮಾಡಬೇಕಾಗಿಲ್ಲ.

ಈಗ ಬಾಕಿ 15.6 ಲಕ್ಷ. ಇದೇ ಬಡ್ಡಿ, ಇದೇ ಕಂತು ಮುಂದುವರಿದರೆ ಇನ್ನು ಹತ್ತೂವರೆ ವರ್ಷಕ್ಕೆ, ಮನೆಯವರು ನಿವೃತ್ತರಾಗುವ ವರ್ಷವೇ ಸಾಲ ಮುಗಿಯುತ್ತದೆ. ಒಂದು ಒಳ್ಳೆಯ ಸುಗ್ಗಿಯಿಂದ ಒಂದೂವರೆ ಲಕ್ಷ ಬೇಗನೆ ಸೇರಿದರೆ ಇನ್ನೂ ಒಂದೂವರೆ ವರ್ಷ ಮೊದಲೇ ಮುಗಿಯುತ್ತದೆ. ಮುಗಿದ ಮೇಲೆ ಮನೆಯ ಮೂಲಪತ್ರಗಳನ್ನು 30 ದಿನದೊಳಗೆ ಮರಳಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಪತ್ರ ಕೈಗೆ ಬಂದ ಮೇಲೆ ಋಣಭಾರ ಪ್ರಮಾಣಪತ್ರ ತೆಗೆಸಿ, ಅಡಮಾನದ ನಮೂದು ತೀರಿದೆಯೇ ಎಂದು ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಕೊನೆಯ ನಾಲ್ಕೈದು ವರ್ಷಗಳಿಗೆ ನನ್ನ ಯೋಚನೆ ಬೇರೆ ಇದೆ. ಆಗ ಬಾಕಿ ಚಿಕ್ಕದಾಗಿರುತ್ತದೆ, ಕಂತಿನ ಬಹುಪಾಲು ಅಸಲಿಗೇ ಹೋಗುತ್ತಿರುತ್ತದೆ. ಮುಂಚಿತವಾಗಿ ಕಟ್ಟಿದ ರೂಪಾಯಿಗೆ ಉಳಿಯುವ ಬಡ್ಡಿಯ ದರ ಆಗಲೂ ಅದೇ ಇರುತ್ತದೆ ನಿಜ. ಆದರೆ ಪಗಾರ ನಿಲ್ಲುವ ಹೊಸ್ತಿಲಲ್ಲಿರುವವರಿಗೆ ಕೈಯಲ್ಲಿರುವ ಹಣದ ಬೆಲೆ ಬೇರೆಯೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ನಮ್ಮ ಕುಡಿಕೆ ಇನ್ನೂ ಅರ್ಧವೂ ತುಂಬಿಲ್ಲ. ಹಾಗಾಗಿ 2032ರಿಂದ ತೊಗರಿಯ ಹಣವನ್ನೂ ಸಾಲಕ್ಕೆ ಕಟ್ಟದೆ ಮುಪ್ಪಿನ ಉಳಿತಾಯಕ್ಕೇ ಹಾಕಬೇಕು ಎಂಬುದು ನನ್ನ ನಿಲುವು. ಸಾಲ ಇನ್ನೂ ಇರುವಾಗ ಹಣವನ್ನು ಬೇರೆ ಕಡೆ ಇಡುವುದು ಮನೆಯವರಿಗೆ ಒಪ್ಪಿಗೆಯಿಲ್ಲ. ಆ ಮಾತನ್ನು ಆ ವರ್ಷಕ್ಕೇ ಬಿಟ್ಟಿದ್ದೇವೆ.